ಅಂಕಿಗಳ ಹಾರ ಕಟ್ಟಿದ ಮಹಾವೀರಾಚಾರ್ಯರು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರು ಬಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಕವಿರಾಜಮಾರ್ಗ. ಆದರೆ ಅದೇ ಅರಸನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಇನ್ನೊಂದು ಮಹತ್ಕೃತಿಯೂ ರಚಿತವಾಯಿತು. ಅದು ಸಂಸ್ಕೃತದ ಗಣಿತಸಾರಸಂಗ್ರಹ. ಕರ್ತೃ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು.

ಆಚಾರ್ಯರು ತಮ್ಮ ಊರು, ಮನೆತನಗಳ ವಿವರವನ್ನು ಬರೆದಿಡಲಿಲ್ಲ. ಅವರ ಗ್ರಂಥವೇ ಅವರ ಚರಿತ್ರೆ. ಆರಂಭದಲ್ಲಿ ಜಿನನಿಗೆ ವಂದಿಸಿ, ನೃಪತುಂಗನ ಆಳ್ವಿಕೆಗೆ ಏಳಿಗೆಯನ್ನು ಹಾರೈಸುತ್ತಾರೆ. ಬಳಿಕ ಅಡುಗೆಯಿಂದ ವೈದ್ಯದವರೆಗೆ, ಸಂಗೀತದಿಂದ ವಾಸ್ತುವಿನವರೆಗೆ ಗಣಿತವಿಲ್ಲದೆ ಯಾವುದೂ ನಡೆಯದೆಂದು ಸಾರುತ್ತಾರೆ. ಅದಕ್ಕೆ ಮುಂಚೆ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿತ್ತು. ಆಚಾರ್ಯರು ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿಟ್ಟರು.

ದೊಡ್ಡ ಸಂಖ್ಯೆಗಳೆಂದರೆ ಅವರಿಗೆ ವಿಶೇಷ ಪ್ರೀತಿ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಹೇಳಿದ್ದಾರೆ. ಗುಣಾಕಾರವನ್ನು ಕಲಿಸುವಾಗ, ಎರಡೂ ತುದಿಗಳಿಂದ ಓದಿದರೂ ಒಂದೇ ಆಗಿರುವ ಲಬ್ಧಗಳನ್ನು ಕೊರಳಹಾರಕ್ಕೆ ಹೋಲಿಸಿದ್ದಾರೆ. 2,79,94,681 ಅನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವ ಈ ಸಂಖ್ಯೆ 1234 ಕೋಟಿಗೂ ಮಿಗಿಲಾದುದು.

ಈ ಹಾರದ ಒಳಗೆ ಇನ್ನೊಂದು ಸೊಬಗಿದೆ. 441 ಎಂಬುದು 21ರ ವರ್ಗ. ಇನ್ನೊಂದು ಗುಣಕವು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದ್ದರಿಂದ ಇಡೀ ಹಾರವು ಆರು ಒಂದುಗಳ ಸಂಖ್ಯೆಯ ವರ್ಗವೇ ಆಗಿದೆ! ಅದರ ಅಂಕಿಗಳನ್ನು ಕೂಡಿದರೆ 36, ಅದೂ ಆರರ ವರ್ಗ. 3, 7, 11, 13, 37 ಎಂಬ ಐದೇ ಅವಿಭಾಜ್ಯ ಸಂಖ್ಯೆಗಳು, ಪ್ರತಿಯೊಂದೂ ಎರಡೆರಡು ಬಾರಿ ಸೇರಿ, ಈ ಹಾರದ ಮಣಿಗಳಾಗಿವೆ.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಇಷ್ಟು ವಸ್ತುಗಳಿಂದ ಇಂತಿಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನೂ ಕೊಟ್ಟರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದ ಅವರ ಮಾತು ಮಾತ್ರ ನಿಲ್ಲಲಿಲ್ಲ. ಆ ಒಂದು ತಪ್ಪಿನಿಂದ ಅವರ ಹಿರಿಮೆ ಕುಂದುವುದಿಲ್ಲ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದಿತು. ಗ್ರಂಥ ರಚನೆಯಾಗಿ ಸಾವಿರ ವರ್ಷಕ್ಕೂ ಹೆಚ್ಚು ಕಾಲದ ಬಳಿಕ ಈ ಅನುವಾದ ಬಂದಿತೆಂಬುದು ನಾವೆಲ್ಲರೂ ಯೋಚಿಸಬೇಕಾದ ಸಂಗತಿ.

ನೋಯ್ಡಾದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ನೃಪತುಂಗನ ನಾಡನ್ನು ಪರಿಚಯಿಸುವಾಗ ಕವಿರಾಜಮಾರ್ಗದೊಡನೆ ಈ ಹಾರವನ್ನೂ ತೋರಿಸೋಣ. ಕಾಗದ, ಪೆನ್ಸಿಲು ಕೊಟ್ಟು 111111ರ ವರ್ಗವನ್ನು ಅವರೇ ಕಂಡುಕೊಳ್ಳಲಿ. ಕನ್ನಡ ಇನ್ನೂ ಸರಿಯಾಗಿ ಓದಲು ಬಾರದ ಮಗುವೂ ಈ ಹಾರವನ್ನು ಓದಬಲ್ಲದು.