ಉಮ್ಮನ ಮಾತನ್ನೇ ಬರೆದ ಬಶೀರ್

ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು. ಬ್ಯಾರಿಗಳಾದ ನಮಗೆ ಇದು ಹೊಸತಲ್ಲ. ಪ್ರಬಂಧದಲ್ಲಿ ಉಮ್ಮ ಎಂದು ಬರೆದು ಕೆಂಪು ಶಾಯಿಯ ಗೀಟು ಹಾಕಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅದಕ್ಕೇ ಇರಬೇಕು, ವೈಕಂ ಮುಹಮ್ಮದ್ ಬಶೀರರ ಬದುಕನ್ನು ಓದುವಾಗ ಅವರ ಪದ್ಮಶ್ರೀಗಿಂತ ಮೊದಲು ನಮಗೆ ನೆನಪಾಗುವುದು ತಮ್ಮನ ಜೊತೆ ಅವರು ಆಡಿದ ಜಗಳ.

ಬಶೀರರು ಹುಟ್ಟಿದ್ದು 1908ರಲ್ಲಿ, ವೈಕಂ ಹತ್ತಿರದ ತಲಯೋಲಪರಂಬಿನಲ್ಲಿ. ತಂದೆ ಮರದ ವ್ಯಾಪಾರಿ. ವೈಕಂ ಸತ್ಯಾಗ್ರಹದ ಕಾಲಕ್ಕೆ ಗಾಂಧೀಜಿ ಬಂದಾಗ ಹುಡುಗ ಜನರ ನಡುವೆ ನುಗ್ಗಿ ಅವರನ್ನು ಮುಟ್ಟಿ ಬಂದ. ಮನೆಗೆ ಓಡಿ ಬಂದು ಮೊದಲು ಹೇಳಿದ್ದು ಉಮ್ಮನಿಗೆ. 1930ರಲ್ಲಿ ಕೋಯಿಕ್ಕೋಡಿನ ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿ ಪೊಲೀಸರ ಪೆಟ್ಟು ತಿಂದು ಕಣ್ಣೂರು ಜೈಲು ಸೇರಿದರು. ಇಂಥ ಒಂದು ದಿನವೇ ಅವರು ತುಂಬಾ ಕಾಲದ ಮೇಲೆ ನಡುರಾತ್ರಿ ಮನೆಗೆ ಬಂದದ್ದು. ಉಮ್ಮ ಎದ್ದು ಅನ್ನ ಬಡಿಸಿದರು. ಇವತ್ತೇ ಬರುತ್ತೇನೆಂದು ಹೇಗೆ ಗೊತ್ತಾಯಿತು ಎಂದು ಮಗ ಕೇಳಿದರೆ, ಅವರು ದಿನಾ ರಾತ್ರಿ ಅನ್ನ ಮಾಡಿಟ್ಟು ಕಾಯುತ್ತಿದ್ದರಂತೆ, ಅಷ್ಟೇ. ಬಶೀರರು ಇದನ್ನು ಮುಂದೆ ಹಾಗೆಯೇ ಬರೆದರು, ಒಂದು ಅಲಂಕಾರವೂ ಇಲ್ಲದೆ.

ಆಮೇಲೆ ವರ್ಷಗಟ್ಟಲೆ ದೇಶ ಸುತ್ತಾಟ. ಅಡುಗೆಯವ, ಕಾವಲುಗಾರ, ಪೇಪರ್ ಮಾರುವವ, ಕೈ ನೋಡಿ ಭವಿಷ್ಯ ಹೇಳುವವ, ಏನೆಲ್ಲಾ ಆದರು! ಸೂಫಿಗಳ ಜೊತೆಯೂ ಇದ್ದರು, ಸನ್ಯಾಸಿಗಳ ಜೊತೆಯೂ ಇದ್ದರು. ತಿರುಗಿ ಬರುವಾಗ ಮನೆ ಬಡತನಕ್ಕೆ ಬಿದ್ದಿತ್ತು. ಆಟದ ಸಾಮಾನಿನ ಏಜೆಂಟ್ ಕೆಲಸ ಸಿಕ್ಕಿತು. ಸೈಕಲ್‌ನಿಂದ ಬಿದ್ದು ಅದೂ ಹೋಯಿತು. 1937ರ ಸುಮಾರಿಗೆ ‘ಜಯಕೇಸರಿ’ ಪತ್ರಿಕೆಗೆ ಹೋಗಿ ಕೆಲಸ ಕೇಳಿದರೆ, ಕೆಲಸ ಇಲ್ಲ, ಕಥೆ ಕೊಟ್ಟರೆ ದುಡ್ಡು ಕೊಡಬಹುದು ಎಂಬ ಉತ್ತರ. ಹೊಟ್ಟೆಪಾಡಿಗೆ ಬರೆದ ಆ ಕಥೆಯ ನಾಯಕಿ ಕಪ್ಪು ಬಣ್ಣದ, ಗೂನು ಬೆನ್ನಿನ ಹೆಣ್ಣು. ಸುಂದರಿಯರೇ ಕಥೆಯಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಹೊಸಬನೊಬ್ಬ ಹೀಗೆ ಬರೆಯಬೇಕಾದರೆ ಎದೆ ಎಷ್ಟು ಗಟ್ಟಿ ಇರಬೇಕು!

ಪುಸ್ತಕ ಅಚ್ಚಾದ ಮೇಲೆ ತಾವೇ ಹೊತ್ತು ಮನೆಮನೆಗೆ ಮಾರಿದರು. ತಿರುವಾಂಕೂರಿನ ದಿವಾನರ ವಿರುದ್ಧ ಬರೆದದ್ದಕ್ಕೆ ಮತ್ತೆ ಜೈಲು. ಅಲ್ಲಿ ಬರೆದ ‘ಪ್ರೇಮಲೇಖನಂ’ 1943ರಲ್ಲಿ ಬಂತು. ಮರುವರ್ಷ ‘ಬಾಲ್ಯಕಾಲಸಖಿ’. ಇದನ್ನು ಮೊದಲು ಇಂಗ್ಲಿಷಿನಲ್ಲಿ ಬರೆಯತೊಡಗಿದ್ದರು. ಅದನ್ನು ಬಿಟ್ಟು ಮಲಯಾಳಕ್ಕೆ, ಅದರಲ್ಲೂ ಮಾಪಿಳ್ಳ ಮನೆಯ ಮಾತಿಗೆ ಬಂದ ಮೇಲೆಯೇ ಮಜೀದ್ ಮತ್ತು ಸುಹರಾಗೆ ಜೀವ ಬಂದದ್ದು.

ಇನ್ನು ಆ ಜಗಳ. ತಮ್ಮ ಅಬ್ದುಲ್ ಖಾದರ್ ಮೇಷ್ಟ್ರಾಗಿದ್ದವರು. ಅಣ್ಣ ಹೊಗಳಿಕೆಯ ಆಸೆಯಿಂದ ಕಥೆ ಓದಲು ಕೊಟ್ಟರೆ ತಮ್ಮ ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ಹುಡುಕಿದರು. ವ್ಯಾಕರಣ ಕಲಿತು ಬರಲು ಬುದ್ಧಿ ಹೇಳಿದರು. ಅಣ್ಣನಿಗೆ ಸಿಟ್ಟು ಬಂತು. ಜನ ಮಾತಾಡುವ ಹಾಗೆ ತಾನು ಬರೆದದ್ದು, ಅದಕ್ಕೆ ನಿನ್ನ ವ್ಯಾಕರಣ ಯಾಕೆ ಎಂಬುದು ಅವರ ವಾದ. ಸ್ವಂತ ಮನೆಯಲ್ಲಾದ ಈ ಅವಮಾನವನ್ನು ಅವರು ಮುಚ್ಚಿಡಲೂ ಇಲ್ಲ, ‘ಪಾತುಮ್ಮಾಯುಡೆ ಆಡ್’ ಪುಸ್ತಕದಲ್ಲಿ ನಗುನಗುತ್ತಾ ಬರೆದೇ ಬಿಟ್ಟರು. ತಂಗಿಯ ಆಡು ‘ಬಾಲ್ಯಕಾಲಸಖಿ’ಯ ಪ್ರತಿಯನ್ನೇ ಮೇಯ್ದ ಸಂಗತಿಯೂ ಅದರಲ್ಲಿದೆ. 1954ರಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾಗ ಬರೆದದ್ದು, ತಿದ್ದದೆ ಅಚ್ಚಿಗೆ ಕೊಟ್ಟದ್ದು 1959ರಲ್ಲಿ. ತಿದ್ದದೆ, ಗಮನಿಸಿ!

ಬೇಪೂರಿನಲ್ಲಿ 1994ರ ಜುಲೈ 5ರಂದು ತೀರಿಕೊಳ್ಳುವವರೆಗೂ ಅವರ ಮಾತು ಹಾಗೆಯೇ ಉಳಿಯಿತು. 1951ರ ಅವರ ಕಾದಂಬರಿಯ ಹೆಸರು ‘ನ್ಡುಪ್ಪುಪ್ಪಾಕ್ಕೊರಾನೇಂಡಾರ್ನ್ನ್’. ನನ್ನ ಅಜ್ಜನಿಗೊಂದು ಆನೆಯಿತ್ತು ಎಂದರ್ಥ. ಬ್ಯಾರಿ ಮಾತಾಡುವ ನಮಗೆ ಅರ್ಧ ಬಿಡಿಸಿ ಹೇಳುವುದೇ ಬೇಡ. 1980ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪ್ರಕಟಣೆಯಾಗಿ ರೊನಾಲ್ಡ್ ಆಶರ್ ಅದನ್ನು ಇಂಗ್ಲಿಷಿಗೆ ತಂದಾಗ, ಶಾಲೆಯ ಇಂಗ್ಲಿಷ್ ಅದಕ್ಕೆ ಒಗ್ಗಲಿಲ್ಲ. ಅಲ್ಲಿನ ಸಾಮಾನ್ಯ ಜನ ಹಕಾರ ನುಂಗಿ ಮಾತಾಡುವ ಹಾಗೆಯೇ, ಪುಸ್ತಕದ ಮುಖಪುಟದ ಹೆಸರಿನಲ್ಲೂ ಆ ಅಕ್ಷರವನ್ನು ನುಂಗಿಸಿ ಅಚ್ಚು ಹಾಕಿದರು.