ಕಲ್ಲುಗಳನ್ನು ಓದಿದ ರೈಸ್ ಸಾಹೇಬರು



ಚಿಕ್ಕಬಳ್ಳಾಪುರದ ಬಳಿಯಲ್ಲಿ ಕಳವಾರ ದುರ್ಗವೆಂದೂ ಸ್ಕಂದಗಿರಿಯೆಂದೂ ಹೆಸರಾದ ಬೆಟ್ಟವುಂಟಷ್ಟೆ. ಅದರ ತಪ್ಪಲಿನ ಒಂದು ಹಳ್ಳಿಯಲ್ಲಿ ನಮ್ಮ ಸಭೆಯವರ ಚಿಕ್ಕ ಪ್ರಾರ್ಥನಾಮಂದಿರವಿದೆ. ಅದರ ಬಾಗಲ ಮುಂದೆ ಮೆಟ್ಟಲಾಗಿ ಹಾಸಿದ್ದ ಒಂದು ಚಪ್ಪಡಿಯನ್ನು ತುಳಿದುಕೊಂಡೇ ನಾವು ಅನೇಕ ವರುಷ ಆರಾಧನೆಗೆ ಒಳಗೆ ಹೋಗುತ್ತಿದ್ದೆವು. ಆ ಕಲ್ಲಿನ ಮೇಲೆ ಹಳೇ ಅಕ್ಷರಗಳಿದ್ದವು. ಮಳೆಗಾಲದಲ್ಲಿ ಕಾಲು ಜಾರದಂತೆ ಅವು ಇರುವದು ಒಳ್ಳೇದೇ ಆಯಿತೆಂದು ನಾವೇ ಒಮ್ಮೆ ಹೇಳಿದ್ದುಂಟು. ಇದನ್ನು ಈಗ ನಾಚಿಕೆಯಿಂದ ಬರೆಯುತ್ತೇವೆ. ಆ ಕಲ್ಲಿನ ಸಂಗತಿಯನ್ನು ಮುಂದೆ ಹೇಳುವೆವು. ಅದಕ್ಕೆ ಮೊದಲು ಅಂಥ ಕಲ್ಲುಗಳನ್ನು ಓದುವದರಲ್ಲಿಯೇ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬರ ಚರಿತ್ರೆಯನ್ನು ತಿಳಿಸಬೇಕಾಗಿದೆ.

ಬೆಂಜಮಿನ್ ಲೂಯಿಸ್ ರೈಸ್ ಎಂಬವರು 1837ನೇ ಇಸವಿ ಜುಲೈ ತಿಂಗಳ 17ನೇ ತಾರೀಕಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಇವರ ತಂದೆಯ ಹೆಸರೂ ಬೆಂಜಮಿನ್ ರೈಸ್ ಎಂದೇ; ಆದಕಾರಣ ನಮ್ಮವರಲ್ಲಿ ಅನೇಕರು ತಂದೆಯನ್ನೂ ಮಗನನ್ನೂ ಒಬ್ಬರೇ ಎಂದು ತಿಳಿದುಕೊಂಡಿದ್ದಾರೆ. ತಂದೆಯವರು ಲಂಡನ್ ಮಿಶನ್ನಿನ ಪಾದ್ರಿಗಳು. ಹೆಚ್ಚು ಕಡಿಮೆ ಐವತ್ತು ವರುಷ ಬೆಂಗಳೂರಿನಲ್ಲಿ ಸೇವೆಮಾಡಿ, ಕನ್ನಡ ಸತ್ಯವೇದವನ್ನು ತಿದ್ದಿ ಸರಿಪಡಿಸಿದವರಲ್ಲಿ ಒಬ್ಬರಾಗಿದ್ದು, 1887ರಲ್ಲಿ ತೀರಿಕೊಂಡರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯಕ್ಕೆ ಆ ಹೆಸರು ಬಂದದ್ದು ತಂದೆಯವರಿಂದಲೇ. ಇನ್ನೊಬ್ಬ ಮಗನಾದ ಇ. ಪಿ. ರೈಸರು ತಂದೆಯ ಹಾಗೆ ಮಿಶನರಿಗಳಾಗಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು.

ನಮ್ಮ ರೈಸ್ ಸಾಹೇಬರಾದರೋ ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಹುಟ್ಟಿದೂರಿಗೆ ತಿರಿಗಿ ಬಂದು, ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾದ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಬಳಿಕ ಪಾಠಶಾಲೆಗಳ ತನಿಖೆಯ ಅಧಿಕಾರಿಯಾಗಿ, ಆ ಮೇಲೆ ಮೈಸೂರು ಕೊಡಗು ಸೀಮೆಗಳ ವಿದ್ಯಾಭ್ಯಾಸ ಇಲಾಖೆಗೆ ಮುಖ್ಯಸ್ಥರಾದರು. ಆ ಕೆಲಸದ ನಿಮಿತ್ತ ಊರೂರು ತಿರುಗುವಾಗ ಗುಡಿಯ ಅಂಗಳದಲ್ಲಿಯೂ ಕೆರೆಯ ಏರಿಯ ಮೇಲೂ ಹೊಲದ ಬದುವಿನಲ್ಲಿಯೂ ಬರಹದ ಕಲ್ಲುಗಳು ನಿಂತಿರುವದನ್ನು ಕಂಡರು. ಅವುಗಳನ್ನು ಓದಬಲ್ಲವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ನಿಧಿಯ ಗುರುತೆಂದು ಕೆಲವರು ಕಲ್ಲನ್ನೇ ಒಡೆಯುತ್ತಿದ್ದರು. ಡಿಕ್ಸನ್ ಎಂಬ ಸೈನ್ಯಾಧಿಕಾರಿಯು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳು ಇವರ ಕೈಗೆ ಬರಲು, ಅವುಗಳನ್ನು ಓದಿ ಅರ್ಥಮಾಡಿ 1879ರಲ್ಲಿ ಒಂದು ಪುಸ್ತಕವನ್ನು ಅಚ್ಚುಹಾಕಿಸಿದರು. ಅಲ್ಲಿಂದ ಮುಂದಕ್ಕೆ ಈ ಕೆಲಸವು ಅವರನ್ನು ಬಿಡಲಿಲ್ಲ. ಕಡೆಗೆ ಸರಕಾರದವರು ಮೈಸೂರು ಸೀಮೆಯ ಪ್ರಾಕ್ತನ ಶೋಧನೆಯ ಇಲಾಖೆಯನ್ನೇ ಅವರಿಗೆ ಒಪ್ಪಿಸಿದರು.

ಕಲ್ಲನ್ನು ಓದುವ ವಿಧಾನ ಹೇಗೆಂದು ಹಳ್ಳಿಯವರು ಕೇಳುವದುಂಟು. ಮೊದಲು ಕಲ್ಲಿನ ಮೇಲಿನ ಮಣ್ಣು, ಪಾಚಿ, ಸುಣ್ಣ ಇವುಗಳನ್ನು ತೊಳೆದು ಅಕ್ಷರದ ಸಂದುಗಳನ್ನು ಬಿಡಿಸುತ್ತಾರೆ. ತರುವಾಯ ಕಾಗದವನ್ನು ನೀರಿನಲ್ಲಿ ನೆನೆಸಿ ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಮೆಲ್ಲಗೆ ಬಡಿಯಲು, ಕಾಗದವು ಅಕ್ಷರದ ಗುಣಿಗಳೊಳಗೆ ಇಳಿಯುತ್ತದೆ. ಮೇಲೆ ಮಸಿಯನ್ನು ಒತ್ತಿದರೆ ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರಗಳು ಬಿಳಿದಾಗಿಯೂ ಕಾಣುವವು. ಆ ಅಚ್ಚನ್ನು ಮನೆಗೆ ತಂದು ದೀಪದ ಬೆಳಕಿನಲ್ಲಿಯೂ ಓದಬಹುದು. ಸಾಹೇಬರ ಪಂಡಿತರು ಹೀಗೆ ಊರೂರಿಗೆ ಹೋಗಿ ಕಲ್ಲುಗಳನ್ನು ಹುಡುಕಿ ಬರೆದುಕೊಂಡು ಬಂದರು. ಈ ಪಂಡಿತರ ಶ್ರಮವನ್ನು ಹೇಳದೆ ಸಾಹೇಬರನ್ನು ಮಾತ್ರ ಹೊಗಳುವದು ನ್ಯಾಯವಲ್ಲ. ಇವರೆಲ್ಲರ ಕೆಲಸದಿಂದ ಕರ್ಣಾಟಕದ ಶಾಸನಗಳ ಹನ್ನೆರಡು ಸಂಪುಟಗಳು ಹೊರಟವು; ಅವುಗಳಲ್ಲಿ 8,869 ಶಾಸನಗಳಿವೆ. ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದು, 1905ರದು. ಆ ಕಾಲದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇವೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಮಾತ್ರವೇ ಬೇರೆ ಜಿಲ್ಲೆಯಾಯಿತು.

ಈಗ ಆ ಕಾಲದ ಮುಖ್ಯವಾದ ಒಂದು ಕಾರ್ಯಕ್ಕೆ ಬರುವೆವು. 1892ರಲ್ಲಿ ಚಿತ್ರದುರ್ಗದ ಸೀಮೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ರೈಸ್ ಸಾಹೇಬರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಬ್ರಹ್ಮಗಿರಿಯ ಬಂಡೆಯನ್ನು ಆ ಊರವರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅಕ್ಷರವಿದೆಯೆಂದು ಎಲ್ಲರೂ ಬಲ್ಲರು, ಏನು ಬರೆದದೆಯೆಂದು ಯಾರೂ ಅರಿಯರು! ಕ್ರಿಸ್ತ ಶಕಕ್ಕೆ ಮೊದಲು ಸುಮಾರು 250 ವರುಷಗಳ ಹಿಂದಿನ ಬರಹವದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಧಿಕಾರಿಗಳೂ ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಅರಸನ ಅಪ್ಪಣೆಯನ್ನು ತಿಳಿಸಿ, ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ಆಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಜನರಿಗೆ ಸಾರುತ್ತಾರೆ. ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿದ ನಮ್ಮ ಹುಡುಗರು ಇದನ್ನು ಕೇಳಿದರೆ ಆಶ್ಚರ್ಯಪಡುವರು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದ ಸಂಗತಿ ಬೇರೆಯುಂಟು. ಶಾಸನವನ್ನು ಬರೆದ ಲೇಖಕನ ಹೆಸರು ಚಪಡ. ಅವನು ಶಾಸನವನ್ನೆಲ್ಲಾ ಬ್ರಾಹ್ಮೀ ಲಿಪಿಯಲ್ಲಿ ಎಡದಿಂದ ಬಲಕ್ಕೆ ಬರೆದು, ಕಡೆಯಲ್ಲಿ ತಾನು ಲಿಪಿಕಾರನೆಂದು ತಿಳಿಸುವ ಒಂದೇ ಒಂದು ಪದವನ್ನು ಖರೋಷ್ಠೀ ಎಂಬ ಬೇರೆ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಲಿಪಿಯು ನಮ್ಮ ಸೀಮೆಯದಲ್ಲ. ಸಿಂಧೂ ನದಿಯ ಆಚೆಯ ಗಾಂಧಾರ ದೇಶದ್ದು. ಪಾರಸಿಯ ಅರಸರು ಆ ದೇಶವನ್ನು ಆಳುತ್ತಿದ್ದಾಗ ಅವರ ಲೆಕ್ಕಪತ್ರಗಳೂ ಅಪ್ಪಣೆಗಳೂ ಅರಾಮ್ಯ ಭಾಷೆಯಲ್ಲಿ ನಡೆಯುತ್ತಿದ್ದವು. ಆ ಅರಾಮ್ಯ ಅಕ್ಷರಗಳಿಂದಲೇ ಖರೋಷ್ಠಿಯು ಹುಟ್ಟಿತು. ಎಜ್ರನ ಮತ್ತು ದಾನಿಯೇಲನ ಪುಸ್ತಕಗಳ ಕೆಲವು ಅಧ್ಯಾಯಗಳು ಬರೆಯಲ್ಪಟ್ಟದ್ದು ಇದೇ ಅರಾಮ್ಯ ಭಾಷೆಯಲ್ಲಿ. ನಮ್ಮ ಕರ್ತನು ನಜರೇತಿನ ಮನೆಯಲ್ಲಿ ಆಡಿದ ಮಾತೂ ಅದೇ. ಆ ಅಕ್ಷರಗಳ ಸಂತತಿಯ ಒಂದು ಪದವು ಮೊಳಕಾಲ್ಮೂರಿನ ಒಂದು ಗುಂಡಿನ ಮೇಲೆ ಎರಡು ಸಾವಿರ ವರುಷಕ್ಕೂ ಮೇಲ್ಪಟ್ಟು ಬಿಸಿಲು ಮಳೆಗಳನ್ನು ತಾಳಿಕೊಂಡು ನಿಂತಿದೆ.

ಎಸ್ತೇರಳ ಪುಸ್ತಕದ ಮೊದಲಲ್ಲಿ ಅಹಷ್ವೇರೋಷನು ಹಿಂದೂಸ್ಥಾನದಿಂದ ಕೂಷಿನ ವರೆಗೆ 127 ಸಂಸ್ಥಾನಗಳನ್ನು ಆಳಿದನೆಂದಿದೆ. ಇದನ್ನು ಓದುವಾಗ ನಮ್ಮವರಲ್ಲಿ ಕೆಲವರು ಆ ಅರಸನು ಬೆಂಗಳೂರನ್ನೂ ಆಳಿದನೆಂದು ಭಾವಿಸುತ್ತಾರೆ. ಹಾಗಲ್ಲ. ಅರಸನಾದ ದಾರ್ಯಾವೆಷನು ಕೆತ್ತಿಸಿದ ಶಾಸನಗಳಲ್ಲಿ ಗಾಂಧಾರವೂ ಹಿಂದು ಎಂಬ ಸೀಮೆಯೂ ಅವನ ರಾಜ್ಯದ ಪಟ್ಟಿಯಲ್ಲಿವೆ. ಅದು ಸಿಂಧೂ ನದಿಯ ಪ್ರಾಂತ್ಯ. ಭೂಪಟವನ್ನು ಎದುರಿಗಿಟ್ಟುಕೊಂಡು ವೇದವನ್ನು ಓದಿದರೆ ಇಂಥ ತಪ್ಪುಗಳು ತಾವಾಗಿಯೇ ಬಿದ್ದುಹೋಗುವವು.

ಒಂದು ದಿವಸ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ನಾವು ಕೂತಿರಲಾಗಿ, ಬೇರೆ ಮತದವರಾದ ಒಬ್ಬ ಹಿರಿಯರು ನಮ್ಮ ಕೈಯಲ್ಲಿದ್ದ ಪುಸ್ತಕವನ್ನು ನೋಡಿ, ಇದರೊಳಗಿನ ಅರಸುಗಳನ್ನು ಕಂಡವರು ಯಾರು, ಯಾವ ದೇಶದ ಯಾವ ಕಥೆಯೋ ಎಂದು ನಗುತ್ತಾ ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆ ಹೊತ್ತಿಗೆ ನಮಗೆ ಉತ್ತರ ತೋಚದೆ ಹೋಯಿತು. ಇಂದು ಕೇಳಿದರೆ ಅಶೋಕನ ಮಾತಿನಿಂದಲೇ ಉತ್ತರಕೊಡುವೆವು. ಹೇಗಂದರೆ, ಇದೇ ಅಶೋಕನು ಇತರ ಬಂಡೆಗಳ ಮೇಲೆ ಕೆತ್ತಿಸಿದ ದೊಡ್ಡ ಶಾಸನಗಳಲ್ಲಿ ಹದಿಮೂರನೆಯದು ತನ್ನ ಕಾಲದ ಐವರು ಯವನ ಅರಸರನ್ನು ಹೆಸರಿಟ್ಟು ಹೇಳುತ್ತದೆ. ನಮಗೆ ಹತ್ತಿರವಾದದ್ದು ಗುತ್ತಿಯ ಬಳಿ ಎರ್ರಗುಡಿಯಲ್ಲಿರುವ ಪ್ರತಿ; ಅದು ರೈಸ್ ಸಾಹೇಬರು ತೀರಿಕೊಂಡ ಮೇಲೆ, 1929ರ ಸುಮಾರಿಗೆ ಬೆಳಕಿಗೆ ಬಂತು. ಅದರಲ್ಲಿ ಅಂತಿಯೋಕನೆಂಬವನು ಸಿರಿಯದ ಅರಸನಾದ ಎರಡನೆಯ ಅಂತಿಯೋಕನು. ತುರಮಾಯನೆಂಬವನು ಐಗುಪ್ತದ ಅರಸನಾದ ಎರಡನೆಯ ಪ್ತೊಲೆಮಾಯನು. ದಾನಿಯೇಲನ ಪುಸ್ತಕದ 11ನೆಯ ಅಧ್ಯಾಯದ 6ನೆಯ ವಚನವನ್ನು ತೆರೆದು ನೋಡಿರಿ. ದಕ್ಷಿಣದ ರಾಜನ ಮಗಳು ಸಂಧಾನಕ್ಕಾಗಿ ಉತ್ತರದ ರಾಜನ ಬಳಿಗೆ ಹೋಗುವಳೆಂದೂ ಅವಳ ಬಲವು ನಿಲ್ಲದೆಂದೂ ಅಲ್ಲಿದೆ. ಪ್ತೊಲೆಮಾಯನು ತನ್ನ ಮಗಳಾದ ಬೆರನೀಕೆಯನ್ನು ಕ್ರಿಸ್ತ ಪೂರ್ವ 252ರ ಸುಮಾರಿಗೆ ಅಂತಿಯೋಕನಿಗೆ ಮದುವೆಮಾಡಿಕೊಟ್ಟನು. ಅಂತಿಯೋಕನು ತಿರಿಗಿ ಮೊದಲ ಹೆಂಡತಿಯ ಕಡೆಗೆ ಹೋದನು. ಅವನು ಸತ್ತ ಮೇಲೆ ಬೆರನೀಕೆಯೂ ಅವಳ ಮಗುವೂ ಕೊಲ್ಲಲ್ಪಟ್ಟರು. ಆ ವಚನವು ಇವರನ್ನೇ ಕುರಿತದ್ದೆಂದು ವ್ಯಾಖ್ಯಾನಕಾರರು ಬಹುಮಂದಿ ಹೇಳುತ್ತಾರೆ. ಈ ಮಾವನೂ ಅಳಿಯನೂ ನಮ್ಮ ದೇಶದ ಬಂಡೆಯ ಮೇಲೆ, ನಮ್ಮ ದೇಶದ ಅರಸನ ಬಾಯಿಂದಲೇ ಹೆಸರಿಸಲ್ಪಟ್ಟಿದ್ದಾರೆ.

ಇನ್ನೂ ಒಂದು ಮಾತು. ಯೆಹೂದ್ಯರ ಧರ್ಮಶಾಸ್ತ್ರವು ಅಲೆಕ್ಸಂದ್ರಿಯ ಪಟ್ಟಣದಲ್ಲಿ ಗ್ರೀಕ್ ಭಾಷೆಗೆ ತಿರುಗಿಸಲ್ಪಟ್ಟದ್ದು ಇದೇ ಪ್ತೊಲೆಮಾಯನ ಕಾಲದಲ್ಲಿಯೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಅಪೊಸ್ತಲರು ಸಭೆಗಳಿಗೆ ಬರೆಯುವಾಗ ಹೆಚ್ಚಾಗಿ ಬಳಸಿದ್ದು ಆ ಭಾಷಾಂತರವನ್ನೇ. ತಂದೆ ರೈಸರು ಬೆಂಗಳೂರಿನಲ್ಲಿ ಕೂತು ಅದೇ ಧರ್ಮಶಾಸ್ತ್ರದ ಕನ್ನಡವನ್ನು ತಿದ್ದುತ್ತಿದ್ದರು. ಆ ಪ್ತೊಲೆಮಾಯನನ್ನು ಬಲ್ಲ ಅಶೋಕನ ಕಲ್ಲನ್ನು ಮಗನು ಕಂಡುಹಿಡಿದನು.

ಹೀಗೆ ಹೇಳಿದ್ದರಿಂದ ರೈಸ್ ಸಾಹೇಬರು ಸತ್ಯವೇದಕ್ಕೆ ಸಾಕ್ಷಿಯನ್ನು ಹುಡುಕುವದಕ್ಕೆ ಹೊರಟವರೆಂದು ಯಾರೂ ಎಣಿಸಬಾರದು. ಅವರು ಉಪದೇಶಿಗಳಲ್ಲ, ಸರಕಾರದ ಅಧಿಕಾರಿಗಳು. ಜೈನರ ಕಲ್ಲನ್ನೂ ಶೈವರ ಕಲ್ಲನ್ನೂ ವೈಷ್ಣವರ ಕಲ್ಲನ್ನೂ ಒಂದೇ ಶ್ರದ್ಧೆಯಿಂದ ಓದಿ ಅಚ್ಚುಹಾಕಿಸಿದರು. ಶ್ರವಣಬೆಳಗೊಳದ ಶಾಸನಗಳಿಗೆ 1889ರಲ್ಲಿ ಒಂದು ಸಂಪುಟವನ್ನೇ ಕೊಟ್ಟರು. ಪಂಪನ ಭಾರತವೂ ಕವಿರಾಜಮಾರ್ಗವೂ ಅವರ ಮೂಲಕ ಅಚ್ಚಾದವು. ವೇದದೊಂದಿಗೆ ಈ ಸಂಬಂಧವನ್ನು ಕಲ್ಪಿಸಿದ್ದು ನಾವು. ತಪ್ಪಿದ್ದರೆ ಅದು ನಮ್ಮದೇ.

ಕಲ್ಲಿನಲ್ಲಿ ಬರೆದದ್ದೆಲ್ಲಾ ನಿಜವೋ? ಈ ಪ್ರಶ್ನೆಯಿಂದ ಸಾಹೇಬರಿಗೆ ಬಹಳ ವರುಷ ತೊಂದರೆಯಾಯಿತು. ಕೋಲಾರಕ್ಕೂ ನಂದಗಿರಿಗೂ ಒಡೆಯರೆಂದು ಬಿರುದು ಹೊತ್ತ ಗಂಗ ಅರಸರ ತಾಮ್ರಶಾಸನಗಳು ಅನೇಕ ಸಿಕ್ಕಿದ್ದವು. ಅವುಗಳನ್ನು ನಂಬಿ ಸಾಹೇಬರು ಗಂಗರ ವಂಶಾವಳಿಯನ್ನು ಕಟ್ಟಿದರು. ಮುಂಬಯಿ ಸೀಮೆಯ ಫ್ಲೀಟ್ ಎಂಬ ಪಂಡಿತರು ಅವು ಹಿಂದಿನ ಕಾಲದ ಹೆಸರಿಟ್ಟು ಮುಂದಿನವರು ಮಾಡಿದ ಕಳ್ಳಪತ್ರಗಳೆಂದು ಖಂಡಿಸಿದರು. ದಾನದ ಭೂಮಿಯ ಆಸೆಗೆ ಹಾಗೆ ಮಾಡಿದವರು ಇದ್ದದ್ದು ನಿಜವೇ. ಸಾಹೇಬರು ಅತಿಯಾಗಿ ನಂಬಿದರು, ಫ್ಲೀಟರು ಅತಿಯಾಗಿ ಸಂಶಯಪಟ್ಟರು ಎಂದು ನಮಗೆ ತೋರುತ್ತದೆ.

ವೇದದ ದೇಶದ ಕಲ್ಲುಗಳನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. 1868ರಲ್ಲಿ ಕ್ಲೈನ್ ಎಂಬ ಮಿಶನರಿಗೆ ಮೋವಾಬ್ ದೇಶದ ದೀಬೋನಿನಲ್ಲಿ ಅರಸನಾದ ಮೇಷನ ಕಲ್ಲು ಸಿಕ್ಕಿತು. ಎರಡನೆಯ ಅರಸುಗಳ ಪುಸ್ತಕದ 3ನೆಯ ಅಧ್ಯಾಯದಲ್ಲಿ ಕುರಿಗಳನ್ನೂ ಉಣ್ಣೆಯನ್ನೂ ಕಪ್ಪವಾಗಿ ಕೊಡುತ್ತಿದ್ದು ತಿರುಗಿಬಿದ್ದವನು ಇವನೇ. ಒಮ್ರಿಯು ಮೋವಾಬನ್ನು ಕುಗ್ಗಿಸಿದನೆಂದು ಕಲ್ಲೂ ಒಪ್ಪುತ್ತದೆ. ಆದರೆ ಜಯವೆಲ್ಲಾ ತನ್ನದೂ ತನ್ನ ದೇವರಾದ ಕೆಮೋಷನದೂ ಎಂದು ಮೇಷನು ಕೊಚ್ಚಿಕೊಳ್ಳುತ್ತಾನೆ, ತನ್ನ ನಾಡು ಹಾಳಾದದ್ದನ್ನು ಹೇಳುವದಿಲ್ಲ. ಅರಸರು ಎಲ್ಲೆಲ್ಲಿಯೂ ಅರಸರೇ. ಈ ಕಲ್ಲಿಗಾಗಿ ಜಗಳವಾಗಲು, ಆ ಸೀಮೆಯ ಜನರು 1869ರಲ್ಲಿ ಅದನ್ನು ಬೆಂಕಿಯಲ್ಲಿ ಕಾಯಿಸಿ ತಣ್ಣೀರು ಹೊಯ್ದು ಚೂರುಚೂರು ಮಾಡಿದರು. ಅದಕ್ಕೆ ಮೊದಲು ಒಬ್ಬನು ಒದ್ದೆ ಕಾಗದದಲ್ಲಿ ಅಚ್ಚು ತೆಗೆದಿದ್ದನು. ಆ ಹರಿದ ಕಾಗದವಿದ್ದ ಕಾರಣ ಕಲ್ಲಿನ ಮಾತು ಉಳಿಯಿತು. ಕೂಡಿಸಿದ ಚೂರುಗಳು ಈಗ ಪ್ಯಾರಿಸ್ ಪಟ್ಟಣದಲ್ಲಿವೆ.

ರೈಸ್ ಸಾಹೇಬರು 1906ರಲ್ಲಿ ಕೆಲಸದಿಂದ ಬಿಡುಗಡೆಯಾಗಿ ಇಂಗ್ಲೆಂಡಿಗೆ ಹೋದರು. 1909ರಲ್ಲಿ ಶಾಸನಗಳಿಂದ ತಿಳಿದ ಮೈಸೂರು ಕೊಡಗುಗಳ ಚರಿತ್ರೆಯನ್ನು ಒಂದೇ ಪುಸ್ತಕವಾಗಿ ಬರೆದರು. ಅವರ ತರುವಾಯ ಇಲಾಖೆಯನ್ನು ನಡಿಸಿದವರು ಆರ್. ನರಸಿಂಹಾಚಾರ್ಯರು. ಸಾಹೇಬರು 1927ನೇ ಜುಲೈ 10ರಂದು, ತೊಂಬತ್ತು ವರುಷ ತುಂಬುವದಕ್ಕೆ ಒಂದೇ ವಾರವಿರಲಾಗಿ ತೀರಿಕೊಂಡರು.

ಈಗ ನಮ್ಮ ಮೆಟ್ಟಲಿನ ಕಲ್ಲಿಗೆ ಬರುವೆವು. ಈ ಚರಿತ್ರೆಯನ್ನು ಓದಿದ ಮೇಲೆ ಕೋಲಾರದ ಸಂಪುಟವನ್ನು ಒಂದು ಪುಸ್ತಕಶಾಲೆಯಲ್ಲಿ ಬೇಡಿ ತೆಗೆದು, ನಮ್ಮ ಹಳ್ಳಿಯ ಹೆಸರನ್ನು ಹುಡುಕಿದೆವು. ಕಲ್ಲು ಅಲ್ಲಿತ್ತು! ಆಗ ಅದು ಕೆರೆಯ ಏರಿಯ ಮೇಲೆ ನಿಂತಿತ್ತಂತೆ. ಊರಿನ ದನಗಳನ್ನು ಕಳ್ಳರು ಹೊಡಕೊಂಡು ಹೋಗುವಾಗ ಅವುಗಳನ್ನು ಬಿಡಿಸಿ ಸತ್ತ ಒಬ್ಬನ ವೀರಗಲ್ಲು ಅದು. ಸತ್ತವನ ಹೆಸರೂ ಕಲ್ಲನ್ನು ನಿಲ್ಲಿಸಿದ ಅವನ ಮಗನ ಹೆಸರೂ ಪುಸ್ತಕದಲ್ಲಿವೆ, ಕಲ್ಲಿನಲ್ಲಿ ಇಲ್ಲ. ಆ ಎರಡು ಸಾಲುಗಳು ನಮ್ಮ ಪಾದಗಳ ಕೆಳಗೆ ಸವೆದುಹೋಗಿದ್ದವು. ಮುಂದಿನ ಭಾನುವಾರ ಸಭೆಯವರಿಗೆ ಇದನ್ನು ತಿಳಿಸಲು, ಆರಾಧನೆ ಮುಗಿದ ಕೂಡಲೆ ಆರು ಮಂದಿ ಹಾರೆ ಹಿಡಿದು ಕಲ್ಲನ್ನು ಎಬ್ಬಿಸಿ, ತೊಳೆದು, ಅಕ್ಷರದ ಮುಖವನ್ನು ಹೊರಗೆ ಮಾಡಿ ಗೋಡೆಗೆ ಒರಗಿಸಿ ನಿಲ್ಲಿಸಿದರು. ಸವೆದ ಎರಡು ಹೆಸರುಗಳನ್ನು ನಾವು ಕಾಗದದಲ್ಲಿ ಬರೆದು ಮಂದಿರದೊಳಗೆ ಅಂಟಿಸಿದ್ದೇವೆ. ಬಾಗಲಿಗೆ ಬೇರೆ ಬರಿಗಲ್ಲೊಂದನ್ನು ಹಾಕಿದೆ. ಮಳೆ ಬಂದಾಗ ಅದು ಜಾರುತ್ತದೆ.