ಗಣಿತವಿಲಾಸ ರಾಜಾದಿತ್ಯ

ಜಿನಧರ್ಮವು ಕನ್ನಡ ನಾಡಿಗೆ ಬಸದಿಗಳನ್ನೂ ಕಾವ್ಯಗಳನ್ನೂ ಕೊಟ್ಟಂತೆಯೇ ಗಣಿತಶಾಸ್ತ್ರವನ್ನೂ ಕೊಟ್ಟಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಆ ವಿದ್ಯೆಯನ್ನು ಕನ್ನಡದಲ್ಲಿ ಮೊದಲು ಹೇಳಿದ ಕೀರ್ತಿ 12ನೆಯ ಶತಮಾನದ ರಾಜಾದಿತ್ಯನಿಗೆ ಸಲ್ಲುತ್ತದೆ.

ಈತನ ಊರು ಪೂವಿನಬಾಗೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಹೊಂದಿಕೊಂಡಿರುವ ರಾಯಬಾಗವೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ತಂದೆ ಶ್ರೀಪತಿ, ತಾಯಿ ವಸಂತೆ, ಗುರು ಶುಭಚಂದ್ರ. ಗಣಿತವಿಲಾಸನೆಂಬುದು ಈತನ ಬಿರುದು. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ, ಜೈನಗಣಿತಸೂತ್ರಟೀಕೋದಾಹರಣ ಎಂಬವು ಈತನ ಕೃತಿಗಳು. ಮಠದ ಪಂಡಿತನಿಗೆ ಮಾತ್ರ ತಿಳಿದಿದ್ದ ಸೂತ್ರಗಳನ್ನು ಅಂಗಡಿಕಾರನೂ ಒಕ್ಕಲಿಗನೂ ಬಾಯಿಪಾಠ ಮಾಡಬಲ್ಲ ಕನ್ನಡ ಪದ್ಯಗಳಾಗಿಸಿದ್ದು ಈತನ ಹಿರಿಮೆ.

ವ್ಯವಹಾರಗಣಿತದಲ್ಲಿ ತ್ರೈರಾಶಿಕಕ್ಕೆ, ಅಂದರೆ ಎರಡು ಸಂಖ್ಯೆಗಳ ಪ್ರಮಾಣವನ್ನು ಅರಿತು ಮೂರನೆಯದರಿಂದ ನಾಲ್ಕನೆಯದನ್ನು ಕಾಣುವ ಕ್ರಮಕ್ಕೆ, ವಿಶೇಷ ಸ್ಥಾನವಿದೆ. 12 ಕೊಳಗ ಜೋಳಕ್ಕೆ 9 ಹಣವಾದರೆ 20 ಕೊಳಗಕ್ಕೆ ಎಷ್ಟು? ಮೊದಲು 12ಕ್ಕೂ 9ಕ್ಕೂ ಇರುವ ಸಂಬಂಧವನ್ನು ನೋಡಬೇಕು. ಎರಡನ್ನೂ 3ರಿಂದ ಭಾಗಿಸಿದರೆ 4ಕ್ಕೆ 3 ಎಂದಾಗುತ್ತದೆ. 20ರಲ್ಲಿ 4 ಐದು ಸಲ ಇರುವುದರಿಂದ ಬೆಲೆ ಐದು ಮೂರಲೆ 15 ಹಣ. ಶಾಸ್ತ್ರದ ರೀತಿಯಲ್ಲಿ 9ನ್ನು 20ರಿಂದ ಗುಣಿಸಿ 12ರಿಂದ ಭಾಗಿಸಿದರೂ ಅದೇ ಉತ್ತರ. ಒಂದು ಹೆಚ್ಚಿದಂತೆ ಮತ್ತೊಂದು ತಗ್ಗುವುದು ವ್ಯಸ್ತ ತ್ರೈರಾಶಿಕ: 6 ಆಳು 10 ದಿನದಲ್ಲಿ ತೋಡುವ ಬಾವಿಯನ್ನು 15 ಆಳು 4 ದಿನದಲ್ಲಿಯೇ ತೋಡುವರು. ರಾಜಾದಿತ್ಯನು ಇಷ್ಟಕ್ಕೇ ನಿಲ್ಲದೆ ಪಂಚರಾಶಿ, ಸಪ್ತರಾಶಿ, ನವರಾಶಿಗಳವರೆಗೂ ಮುಂದುವರಿದಿದ್ದಾನೆ.

ಶ್ರಾವಕರಿಗೆ ಇದು ಬರಿಯ ಲೆಕ್ಕವಲ್ಲ. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವ ಹೀನಾಧಿಕಮಾನೋನ್ಮಾನವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ತತ್ತ್ವಾರ್ಥಸೂತ್ರವು ಎಣಿಸಿದೆ. ಕೊಡುವವನಿಗೂ ಕೊಳ್ಳುವವನಿಗೂ ಪ್ರಮಾಣದ ಅರಿವಿಲ್ಲದಿದ್ದರೆ ಮೋಸವು ಕಣ್ಣಿಗೆ ಬೀಳುವುದಿಲ್ಲ. ಅರಿವಿದ್ದಲ್ಲಿ ಒಂದು ಸೊಲಿಗೆಯ ಕೊರತೆಯೂ ಬಯಲಾಗುತ್ತದೆ. ಲೆಕ್ಕವನ್ನು ಜನರ ಮಾತಿನಲ್ಲಿ ಕಲಿಸಿದ ರಾಜಾದಿತ್ಯನು ಆ ವ್ರತದ ಪಾಲನೆಗೇ ನೆರವಾದನೆನ್ನಬಹುದು.

ನೂತನ ಜಿನಬಿಂಬದ ಪ್ರತಿಷ್ಠೆಯ ಈ ಶುಭಾವಸರದಲ್ಲಿ ನಮ್ಮ ನೆರೆಯ ಈ ಮಹನೀಯನನ್ನು ಸ್ಮರಿಸೋಣ. ಜಿನಬಿಂಬವಾದರೂ ತಾಲಮಾನದ ಪ್ರಮಾಣ ತಪ್ಪದೆ ರೂಪುಗೊಂಡುದೇ. ನಮ್ಮ ಮಕ್ಕಳ ಲೆಕ್ಕವೂ ನಮ್ಮ ಅಂಗಡಿಯ ತಕ್ಕಡಿಯೂ ಹಾಗೆಯೇ ಪ್ರಮಾಣಬದ್ಧವಾಗಿರಲಿ.